ಅಲುಗದ ಇಪ್ಪತ್ತೆಂಟು

ಬೆಳಿಗ್ಗೆ ಒಂಬತ್ತಕ್ಕೆ ನಕ್ಷೆ ಕಚೇರಿಯ ಹಿಂದಿನ ಕೋಣೆಯ ಬೀಗ ತೆಗೆದರೆ ಗೀಟಣ್ಣ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಹೆಗಲಿನ ಚೀಲ ಇಳಿಸುವ ಮೊದಲೇ, ಕಿಟಕಿ ತೆರೆಯುವ ಮೊದಲೇ, ನಿಂತಲ್ಲಿಂದಲೇ ಬಾಗಿ ದೊಡ್ಡ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಒಂದು ಪದ ಒತ್ತುತ್ತಿದ್ದರು. ಪರದೆಯ ಮೇಲೆ ಅದರ ಮೈಬಿಸಿ ಎಷ್ಟೆಂದು ಬರುತ್ತಿತ್ತು. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಬರೆಯುತ್ತಿದ್ದರು. ೨೮. ಮರುದಿನವೂ ೨೮. ತಮಗೇ ಜ್ವರ ಬಂದ ದಿನವೂ ಮಫ್ಲರ್ ಸುತ್ತಿಕೊಂಡು ಬಂದು, ಅಷ್ಟು ಬರೆದು, ಮನೆಗೆ ಹೋಗಿ ಮಲಗಿದ್ದುಂಟು.

"ನನಗೆ ಮೈ ಸರಿಯಿಲ್ಲ ಅಂದ್ರೆ ಮಾತ್ರೆ ನುಂಗಿ ಮಲಕ್ಕೋ ಅಂತೀರಿ. ಅದಕ್ಕೆ ಮಾತ್ರ ದಿನಾ ಹಣೆ ಮುಟ್ಟಿ ನೋಡ್ತೀರಿ," ಎಂದು ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಲೇ ಚುಚ್ಚುತ್ತಿದ್ದಳು.

"ಅದು ನಿನ್ನ ಹಾಗೆ ಬಾಯಿ ಬಿಟ್ಟು ಹೇಳಲ್ವಲ್ಲೇ," ಎನ್ನುತ್ತಿದ್ದರು ಗೀಟಣ್ಣ.

ಗೀಟಣ್ಣ ಎಂಬುದು ಕಚೇರಿ ಇಟ್ಟ ಹೆಸರು. ಇಪ್ಪತ್ತೆರಡು ವರ್ಷ ಅವರು ಅಲ್ಲಿ ಶಾಯಿಯಲ್ಲಿ ನಕ್ಷೆ ಬರೆದವರು. ಎರಡು ಮೊಳ ಉದ್ದದ ಗೆರೆಯನ್ನು ಉಸಿರು ಹಿಡಿದು ಒಂದೇ ಎಳೆತಕ್ಕೆ ಎಳೆದರೆ, ಭೂತಗನ್ನಡಿ ಹಿಡಿದು ನೋಡಿದರೂ ಎಲ್ಲಿಯೂ ನಡುಕ ಕಾಣುತ್ತಿರಲಿಲ್ಲ. ಕಂಪ್ಯೂಟರು ಬಂದ ಮೇಲೆ ಆ ಲೇಖನಿಗಳು ಮೇಜಿನ ಡ್ರಾಯರು ಸೇರಿದವು. ಜೊತೆಯವರು ಬೇರೆ ಬೇರೆ ವಿಭಾಗಕ್ಕೆ ಚದುರಿದರು. ಗೀಟಣ್ಣ ಮಾತ್ರ ಹಳೆ ಪುಸ್ತಕ ಹುಡುಕಿ, ಕಂಡಕಂಡವರನ್ನು ಕೇಳಿ, ಕಂಪ್ಯೂಟರು ನಡೆಸುವ ಲಿನಕ್ಸ್ ಕಲಿತು, ಹಿಂದಿನ ಕೋಣೆಯ ಯಂತ್ರಕ್ಕೆ ಕಾವಲುಗಾರರಾದರು. ಬಾಗಿಲಿಗೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಒಂದು ಫಲಕವನ್ನೂ ಬರೆದು ಅಂಟಿಸಿದರು: 'ಯಂತ್ರವನ್ನು ಯಾರೂ ಮುಟ್ಟಬಾರದು.'

ಆ ಯಂತ್ರದ ಕೆಲಸ ಹೊಲಿಗೆಯದೇ ಎನ್ನಬೇಕು. ಹರಿದು ಹಪ್ಪಳವಾಗುತ್ತಿದ್ದ ಹಳೆಯ ನಕ್ಷೆಗಳನ್ನು ಬೆಳಗ್ಗೆಯೆಲ್ಲ ತುಂಡುತುಂಡಾಗಿ ಸ್ಕ್ಯಾನ್ ಮಾಡುತ್ತಿದ್ದರು. ಊಟದ ಹೊತ್ತು ಮುಗಿದು ಎರಡು ಗಂಟೆಗೆ ಯಂತ್ರ ಆ ತುಂಡುಗಳನ್ನೆಲ್ಲ ಒಂದಕ್ಕೊಂದು ಕೂಡಿಸಿ ಇಡೀ ನಕ್ಷೆ ಮಾಡುತ್ತಿತ್ತು. ನಡುವೆ ನಿಂತರೆ ಮತ್ತೆ ಮೊದಲಿನಿಂದ ಶುರು.

ಮೂರು ವಾರದಿಂದ ಅದು ನಡುವೆಯೇ ನಿಲ್ಲುತ್ತಿತ್ತು. ಎರಡು ಗಂಟೆ ಹತ್ತು ನಿಮಿಷಕ್ಕೋ ಇಪ್ಪತ್ತು ನಿಮಿಷಕ್ಕೋ, ದೀಪ ಊದಿದ ಹಾಗೆ ಫಕ್ಕನೆ ಆರಿಹೋಗುತ್ತಿತ್ತು. ಆ ಕೋಣೆಯನ್ನು ಗುಡಿಸುವ ಹೊತ್ತೂ ಅದೇ. ಸಾಹೇಬರಿಗೆ ಇಷ್ಟು ಸಾಕಾಯಿತು. ಗುಡಿಸುವ ಹೆಂಗಸು ಪೊರಕೆ ತಾಗಿಸಿ ಪ್ಲಗ್ ಸಡಿಲಿಸುತ್ತಾಳೆ ಎಂದು ತೀರ್ಮಾನಿಸಿ, ಅವಳಿಗೆ ಒಂದು ಮೆಮೊ ಕೊಟ್ಟರು. ಮರುವಾರ ಇನ್ನೊಂದು. ಮೂರನೆಯದು ಬಂದರೆ ಅವಳು ಮನೆಗೆ. ಹನ್ನೊಂದು ವರ್ಷದಿಂದ ಆ ಕಟ್ಟಡದ ಮೂರೂ ಅಂತಸ್ತು ಗುಡಿಸಿದವಳು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಆದರೆ ಮೆಮೊ ಬಂದಾಗ ಒಬ್ಬರೂ ಅವಳ ಪರವಾಗಿ ತುಟಿ ಬಿಚ್ಚಲಿಲ್ಲ.

ಗೀಟಣ್ಣ ತುಟಿ ಬಿಚ್ಚಿದ್ದರು, ಅದೇ ಕೆಟ್ಟದ್ದಾಯಿತು. ಯಂತ್ರವೇ ಕೆಟ್ಟಿರಬಹುದೇ ಎಂದು ಸಾಹೇಬರು ಎರಡು ಸಲ ಕೇಳಿದಾಗ, ಅವರು ಎರಡು ಸಲವೂ ಕ್ಯಾಲೆಂಡರು ತೋರಿಸಿ, "ಇಲ್ಲ ಸಾರ್, ತಣ್ಣಗಿದೆ. ಆರು ತಿಂಗಳಿಂದ ಇಪ್ಪತ್ತೆಂಟು. ಒಂದು ಡಿಗ್ರಿ ಆಚೀಚೆ ಇಲ್ಲ," ಎಂದಿದ್ದರು. ಸಾಹೇಬರು ಆ ಮಾತನ್ನೇ ಮೆಮೊದಲ್ಲಿ ಬರೆಸಿದ್ದರು. ಇನ್ನು ಶುಕ್ರವಾರದೊಳಗೆ ಗೀಟಣ್ಣ ಅದನ್ನು ಬರವಣಿಗೆಯಲ್ಲಿ ಕೊಟ್ಟರೆ ಮೂರನೆಯ ಕಾಗದವೂ ಸಿದ್ಧ.

ಸೋಮವಾರ ಅಕ್ಕ ಕೋಣೆಯ ಹೊಸ್ತಿಲಲ್ಲೇ ನಿಂತು ಕೇಳಿದಳು. "ಅಣ್ಣಾ, ಒಂದ್ಸಲ ಸರಿಯಾಗಿ ನೋಡ್ತೀರಾ? ನಾನು ಆ ಪ್ಲಗ್ ಹತ್ರ ಸುಳಿದಿಲ್ಲ. ಮೇಲಿರೋನಿಗೆ ಗೊತ್ತು."

"ಮೇಲಿರೋನಿಗೆ ಗೊತ್ತಿದ್ರೆ ಸಾಲದಲ್ಲಕ್ಕಾ, ಸಾಹೇಬ್ರಿಗೆ ಗೊತ್ತಾಗ್ಬೇಕು," ಎಂದರು ಗೀಟಣ್ಣ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅವಳು ಬಕೆಟ್ ಎತ್ತಿಕೊಂಡು ಹೋದಳು.

ಅಂದಿನಿಂದ ಗೀಟಣ್ಣನಿಗೆ ಅನ್ನ ರುಚಿಸಲಿಲ್ಲ. ಮಂಗಳವಾರ ಪ್ಲಗ್ಗಿನ ಸುತ್ತ ಅಂಟುಪಟ್ಟಿ ಸುತ್ತಿದರು. ಯಂತ್ರ ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ನಿಂತಿತು. "ಅಂಟುಪಟ್ಟಿ ಸುತ್ತೋಕೆ ಮುಂಚೆನೇ ಅವಳು ಸಡಿಲ ಮಾಡಿರ್ಬೇಕು," ಎಂದರು ಸಾಹೇಬರು. ಕರೆಂಟಿನ ದೋಷವೇ ಎಂದು ಕೇಳಿದರೆ, ಅದೇ ಗೋಡೆಯ ಮೇಲಿನ ಫ್ಯಾನು ನಿಲ್ಲದೆ ತಿರುಗುತ್ತಿತ್ತು.

ಬುಧವಾರ ಗೀಟಣ್ಣ ಬುಡದಿಂದ ಶುರು ಮಾಡಿದರು. ಮದರ್‌ಬೋರ್ಡಿನ ಮೇಲೆ ಅಲ್ಲಲ್ಲಿ ಸಾಸಿವೆಯಷ್ಟು ಚಿಕ್ಕ ಸೆನ್ಸರುಗಳಿರುತ್ತವೆ. ಶಾಖ ಅಳೆಯಲು ಕೆಲವು, ಫ್ಯಾನಿನ ಸುತ್ತು ಎಣಿಸಲು ಕೆಲವು. ಎಲ್ಲವೂ ಒಂದು ಚಿಪ್ಪಿಗೆ ವರದಿ ಒಪ್ಪಿಸುತ್ತವೆ. ಆ ಚಿಪ್ಪು ಯಾವುದೆಂದು ಪತ್ತೆ ಹಚ್ಚುವ ಪ್ರೋಗ್ರಾಮು ಒಂದಿದೆ. ಅದನ್ನು ಓಡಿಸಿದರೆ, ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯವರ ಹಾಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಇಲ್ಲಿ ಹುಡುಕಲೇ? ಹೌದು. ಅಲ್ಲಿ ಹುಡುಕಲೇ? ಹೌದು. ಇಲ್ಲಿ ಕೆದಕಿದರೆ ಯಂತ್ರ ನಿಂತೂಹೋಗಬಹುದು, ಕೆದಕಲೇ?

"ಹೂಂ, ಕೆದಕು. ಹೇಗೂ ದಿನಾ ನಿಲ್ತೀಯಲ್ಲ," ಎಂದು ಗೀಟಣ್ಣ ಪರದೆಗೆ ಹೇಳಿದರು.

ಇಷ್ಟೆಲ್ಲ ಕೇಳಿ ಅದು ಕೊನೆಗೆ ಚಿಪ್ಪಿನ ಹೆಸರು ಹೇಳಿತು. ಅದರ ಮಾತು ತಿಳಿಯಲು ತಕ್ಕ ಡ್ರೈವರ್ ಎಂಬ ಪ್ರೋಗ್ರಾಮು ಸೇರಿಸಿಕೋ ಎಂದಿತು. ಸೇರಿಸಿದರೆ ಯಾವ ಸೆನ್ಸರೂ ಸಿಗಲಿಲ್ಲ ಎಂದಿತು. ಇದ್ದ ಇಪ್ಪತ್ತೆಂಟೂ ಮಾಯ. ಗೀಟಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಮ್ಮೆ ಆರಿಸಿ ಮತ್ತೆ ಹಚ್ಚಿದ ಮೇಲೆ ಏನೂ ಆಗಿಯೇ ಇಲ್ಲ ಎಂಬಂತೆ ಎಲ್ಲ ತಿರುಗಿ ಬಂತು. ಅದರಲ್ಲೂ ಪೆಟ್ಟಿಗೆಯ ಹಿಂದಿನ ಜಾಲರಿಯಲ್ಲಿ ಕಣ್ಣೆದುರೇ ಗಿರ್ರನೆ ತಿರುಗುತ್ತಿದ್ದ ಒಂದು ಫ್ಯಾನಿನ ಸುತ್ತು ಸೊನ್ನೆ. ಇಲ್ಲವೇ ಇಲ್ಲದ ಇನ್ನೊಂದು ಫ್ಯಾನು ಮಾತ್ರ ನಿಮಿಷಕ್ಕೆ ಸಾವಿರದ ಇನ್ನೂರು ಸುತ್ತು ಸುತ್ತುತ್ತಿತ್ತು!

"ಇದಕ್ಕಿಂತ ನಮ್ಮ ಗೇಟಿನ ಕಾವಲುಗಾರ ವಾಸಿ. ನಿದ್ದೆ ಮಾಡ್ತಾನೆ, ಆದ್ರೆ ಸುಳ್ಳು ಹೇಳಲ್ಲ," ಎಂದು ಗೊಣಗುತ್ತ ಮನೆಗೆ ಹೋದರು. ಹೆಂಡತಿ ಅವರ ಮುಖ ನೋಡಿ, ಅಂದು ಚುಚ್ಚುವುದನ್ನು ಬಿಟ್ಟು ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಅದು ಚುಚ್ಚುಮಾತಿಗಿಂತ ಹೆಚ್ಚು ನೋಯಿಸಿತು.

ಗುರುವಾರ ಮಧ್ಯಾಹ್ನ ಎರಡಕ್ಕೆ ಇನ್ನೂ ಐದು ನಿಮಿಷವಿತ್ತು. ಅಕ್ಕ ಎಂದಿನಂತೆ ಬಂದಳು. ಯಂತ್ರದಿಂದ ಮಾರು ದೂರ ನಿಂತು, ಕೈ ಉದ್ದ ಮಾಡಿ ಪೊರಕೆಯ ತುದಿಯಿಂದ ಗುಡಿಸಿದಳು. ಆಮೇಲೆ ನೆಲ ಒರೆಸಿದ ಒದ್ದೆ ಬಟ್ಟೆಯನ್ನು ಹಿಂಡಿ, ಯಂತ್ರದ ಹಿಂಬದಿಗೆ ಎರಡಡಿ ಆಚೆ ಇದ್ದ ಮುರುಕು ಕುರ್ಚಿಯ ಬೆನ್ನಿಗೆ ಹರವಿದಳು.

"ಅಲ್ಲಿ ಯಾಕೆ ಹಾಕ್ತೀರಿ? ಬಿಸಿಲು ಆ ಕಡೆ ಕಿಟಕೀಲಿ ಅಲ್ವಾ?" ಎಂದರು ಗೀಟಣ್ಣ, ಏನೋ ಕೇಳಬೇಕೆಂದು ಕೇಳಿದ ಹಾಗೆ.

"ಬಿಸಿಲಿಗಿಂತ ಇಲ್ಲೇ ಬೇಗ ಒಣಗುತ್ತಣ್ಣಾ. ಇದು ಎರಡು ಗಂಟೆ ಮೇಲೆ ಉಫ್ ಅಂತ ಊದುತ್ತಲ್ಲ, ಇಸ್ತ್ರಿ ಪೆಟ್ಟಿಗೆ ಹಾಗೆ. ಅದರ ಹಿಂದೆ ಗುಡಿಸುವಾಗ ಕಾಲು ಸುಡುತ್ತೆ."

ಗೀಟಣ್ಣ ಕುರ್ಚಿಯಲ್ಲಿ ತಿರುಗಿ ಕುಳಿತರು. "ಸುಡುತ್ತಾ? ಯಾವಾಗಿನಿಂದ?"

"ಆಗಲೇ ಬಹಳ ದಿನ ಆಯ್ತು."

"ಮತ್ತೆ ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಯಾರು ಕೇಳಿದ್ರು? ಬಾಗಿಲ ಮೇಲೆ ಮುಟ್ಟಬಾರದು ಅಂತ ಬರ್ದಿದ್ದೀರಿ. ಅದರ ಗಾಳಿ ನನ್ನ ಕಾಲಿಗೆ ಮುಟ್ತು ಅಂದ್ರೆ ಅದಕ್ಕೂ ಒಂದು ಮೆಮೊ ಕೊಟ್ಟಾರು."

ಗೀಟಣ್ಣ ನಗಲಿಲ್ಲ. ಅವರ ಕಣ್ಣು ಕ್ಯಾಲೆಂಡರಿನ ಮೇಲೆ ಹೋಗಿತ್ತು. ಪಕ್ಕದಲ್ಲೇ, ಹಳೆಯ ಕಾಗದ ಹಾಳಾಗದಿರಲೆಂದು ಕೋಣೆಯ ಬಿಸಿ ನೋಡುವ ಗಾಜಿನ ಥರ್ಮಾಮೀಟರು ನೇತಾಡುತ್ತಿತ್ತು. ಅದರಲ್ಲಿ ಮೂವತ್ತಮೂರು. ಕಳೆದ ತಿಂಗಳ ಸೆಕೆಯಲ್ಲಿ ಮೂವತ್ತೇಳೂ ಇತ್ತು. ತಾವೇ ಒದ್ದೆ ಟವೆಲ್ಲು ತಲೆಗೆ ಸುತ್ತಿ ಕುಳಿತಿದ್ದರು. ಆ ವಾರ ಕಚೇರಿಯಿದ್ದ ಆರೂ ದಿನದ ಚೌಕದಲ್ಲಿ ಮುದ್ದಾದ ೨೮. ಉರಿಯುವ ಕೋಣೆಯಲ್ಲಿ, ಹಗಲಿರುಳು ದುಡಿಯುವ ಯಂತ್ರ ಕೋಣೆಗಿಂತ ಒಂಬತ್ತು ಡಿಗ್ರಿ ತಣ್ಣಗಿರುವುದು ಹೇಗೆ? ಬರೆದವರು ತಾವೇ. ದಿನಾ ನೋಡಿದವರೂ ತಾವೇ.

ಸೆನ್ಸರುಗಳಿಗೆ ಹೆಸರಿಡುವ ಫೈಲನ್ನು ತೆರೆದರು. ಆರು ತಿಂಗಳ ಹಿಂದೆ ತಾವೇ ಬರೆದದ್ದು. ಆಗ ಪರದೆಯಲ್ಲಿ ಮೂರು ತಾಪಮಾನ ಬರುತ್ತಿತ್ತು. ಮೊದಲನೆಯದು ಇಪ್ಪತ್ತೆಂಟು, ಅಲುಗಾಟವಿಲ್ಲ. ಎರಡನೆಯದು ನಲವತ್ತೈದು, ಎಪ್ಪತ್ತು, ಮತ್ತೆ ಐವತ್ತು ಎಂದು ಕುಣಿಯುತ್ತ ಆಗಾಗ ಅಪಾಯ ಅಪಾಯ ಎಂದು ಕೂಗುತ್ತಿತ್ತು. ಮೂರನೆಯದು ಯಾವಾಗ ನೋಡಿದರೂ ನೂರ ಇಪ್ಪತ್ತೇಳು. ಬೋರ್ಡಿನ ಪುಸ್ತಕದಲ್ಲಿ ಯಾವುದು ಯಾವುದೆಂದು ಬರೆದಿರಲಿಲ್ಲ. ಮೂರನೆಯದು ತಂತಿಯಿಲ್ಲದ ಖಾಲಿ ತೂತು ಎಂದು ಗೀಟಣ್ಣ ಸರಿಯಾಗಿಯೇ ಊಹಿಸಿದ್ದರು. ಎರಡನೆಯದರ ಪಕ್ಕದಲ್ಲಿ ಅವರದೇ ಟಿಪ್ಪಣಿ ಇತ್ತು: 'ಇದು ಸುಳ್ಳು. ಕೈ ನಡುಗುತ್ತದೆ. ಲೆಕ್ಕಕ್ಕೆ ಬೇಡ.' ಮೊದಲನೆಯದಕ್ಕೆ ಯಂತ್ರದ ಮಿದುಳಿನ ಹೆಸರನ್ನೇ, ಪ್ರೊಸೆಸರ್ ಎಂದು, ಇಟ್ಟಿದ್ದರು.

ಜೀವಮಾನವೆಲ್ಲ ನಡುಗದ ಗೆರೆ ಎಳೆದವರಿಗೆ ನಡುಗದ ಅಂಕಿಯೇ ಸತ್ಯವಾಗಿ ಕಂಡಿತ್ತು. ನಿಜಕ್ಕೂ ಆ ಇಪ್ಪತ್ತೆಂಟೂ ಖಾಲಿ ತೂತೇ. ಕೂಗುತ್ತಿದ್ದ ಎರಡನೆಯದೇ ಪ್ರೊಸೆಸರು. ಕೂಗಿ ಕೂಗಿ ಹೇಳಿದ್ದನ್ನು ಅವರು ಬಾಯಿಗೆ ಬಟ್ಟೆ ತುರುಕಿ ಕೂರಿಸಿದ್ದರು.

"ಅಯ್ಯೋ ದೇವರೇ," ಎಂದರು, ನಿಜವಾಗಿಯೂ ಕರೆದ ಹಾಗೆ.

ಎರಡನೆಯದನ್ನೂ ಮೂರನೆಯದನ್ನೂ ಪರದೆಯಿಂದ ಮುಚ್ಚಿದ್ದ ಎರಡು ಸಾಲು ಅಳಿಸಿ ಮತ್ತೆ ನೋಡಿದರು. ಇಪ್ಪತ್ತೆಂಟು. ಐವತ್ತೊಂದು. ನೂರ ಇಪ್ಪತ್ತೇಳು. ಎರಡು ಗಂಟೆಯಾಯಿತು, ನಕ್ಷೆ ಹೊಲಿಯುವ ಕೆಲಸ ಶುರುವಾಯಿತು. ನಡುವಿನ ಅಂಕಿ ಮೆಟ್ಟಿಲೇರಿದಂತೆ ಏರಿತು. ಅರವತ್ನಾಲ್ಕು. ಎಪ್ಪತ್ತೊಂಬತ್ತು. ಎಂಬತ್ತೆಂಟು. ಇಪ್ಪತ್ತೆಂಟು ಮಾತ್ರ ಕಲ್ಲಿನ ಹಾಗೆ ಕೂತಿತ್ತು.

"ಅಕ್ಕಾ, ಆ ಬಾಗಿಲ ಹತ್ರ ಹೋಗಿ ನಿಂತ್ಕೊಳಿ. ಸಾಹೇಬ್ರನ್ನ ಕೂಗಿ."

ಸಾಹೇಬರು ಕೈಯಲ್ಲಿ ಚಹಾದ ಲೋಟ ಹಿಡಿದೇ ಬಂದರು. ಅಕ್ಕ ಹೊಸ್ತಿಲ ಆಚೆ, ಪೊರಕೆಯನ್ನು ಕಂಕುಳಲ್ಲಿ ಇರುಕಿ, ಎರಡೂ ಅಂಗೈ ಬಿಚ್ಚಿ ತೋರಿಸುತ್ತ ನಿಂತಿದ್ದಳು. ತೊಂಬತ್ತಮೂರು. ತೊಂಬತ್ತೇಳು. ಪರದೆ ಕಪ್ಪಾಯಿತು.

"ನಾನು ಇಲ್ಲೇ ಇದೀನಿ ನೋಡಿ ಸಾರ್," ಎಂದಳು ಅಕ್ಕ.

ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಾಗ ಪ್ರೊಸೆಸರಿನ ಮೇಲಿನ ಫ್ಯಾನಿನಡಿ ಕಂಬಳಿಯ ತುಂಡಿನಷ್ಟು ದಪ್ಪದ ಧೂಳು. ಯಾರೂ ಮುಟ್ಟಬಾರದೆಂದು ಬರೆದಿದ್ದರಿಂದ ಯಾರೂ ಮುಟ್ಟಿರಲಿಲ್ಲ. ಗೀಟಣ್ಣ ಡ್ರಾಯರಿನಿಂದ ತಮ್ಮ ಹಳೆಯ ಬಣ್ಣದ ಕುಂಚ ತೆಗೆದು ಕೊಟ್ಟರು.

"ಮುಟ್ಟಬಹುದಾ ಅಣ್ಣಾ?"

"ಇನ್ನೂ ನನ್ನ ಹೊಟ್ಟೆ ಉರಿಸಬೇಡಿ ಅಕ್ಕಾ. ಮುಟ್ಟಿ."

ಅವಳು ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಮಗುವಿನ ಕಿವಿ ಒರೆಸುವಷ್ಟು ನಾಜೂಕಾಗಿ ಬಿಡಿಸಿದಳು. ಮತ್ತೆ ಓಡಿಸಿದಾಗ ಅಂಕಿ ಅರವತ್ತೆರಡಕ್ಕೆ ಹೋಗಿ, ಅಲ್ಲೇ ಒಂದೆರಡು ಮೇಲೆ ಕೆಳಗೆ ನಡುಗುತ್ತ ಉಳಿಯಿತು. ನಕ್ಷೆ ಮೂರೂವರೆಗೆ ಪೂರ್ತಿಯಾಯಿತು.

ಶುಕ್ರವಾರ ಗೀಟಣ್ಣ ವರದಿ ಬರೆದು ತಂದರು. ಟೈಪು ಮಾಡಿರಲಿಲ್ಲ, ಶಾಯಿಯಲ್ಲಿ, ನಕ್ಷೆಯ ಅಂಚಿಗೆ ಬರೆಯುತ್ತಿದ್ದ ಅಕ್ಷರದಲ್ಲಿ ಬರೆದಿದ್ದರು. ಸಾಹೇಬರು ಓದಿದರು. ಯಂತ್ರ ಶಾಖಕ್ಕೆ ತಾನಾಗಿ ನಿಲ್ಲುತ್ತಿತ್ತು. ನಿಜವಾದ ಸೆನ್ಸರನ್ನು ಸುಳ್ಳೆಂದು ಬಗೆದು ಮುಚ್ಚಿಟ್ಟವನು ನಾನು. ಯಂತ್ರ ತಣ್ಣಗಿದೆ ಎಂದು ಎರಡು ಸಲ ಹೇಳಿದವನೂ ನಾನು. ಆ ಮಾತಿನ ಆಧಾರದ ಮೇಲೆ ಕೊಟ್ಟ ಎರಡೂ ಮೆಮೊಗಳನ್ನು ಹಿಂದೆ ಪಡೆಯಬೇಕು.

"ಮೆಮೊ ಹಿಂದೆ ತಗೊಳ್ಳೋಣ, ಅದಕ್ಕೇನು," ಎಂದರು ಸಾಹೇಬರು, ಕಾಗದವನ್ನು ದೂರ ಹಿಡಿದು. "ಆದ್ರೆ ಗೀಟಣ್ಣ, ಇದೆಲ್ಲ ಯಾಕೆ? 'ನಾನು, ನಾನು' ಅಂತ. ಇದು ಮೇಲಿನ ಕಚೇರಿಗೆ ಹೋಗುತ್ತೆ. ನಿವೃತ್ತಿಗೆ ಇನ್ನೆಷ್ಟು, ಮೂರು ವರ್ಷ? ಧೂಳಿನಿಂದ ಯಂತ್ರ ಕೆಟ್ಟಿತ್ತು ಅಂದ್ರೆ ಮುಗೀತಪ್ಪ. ಆಕೆಗೂ ತೊಂದರೆ ಇಲ್ಲ, ನಿಮಗೂ ಇಲ್ಲ."

ಗೀಟಣ್ಣ ಕಿಟಕಿಯ ಕಡೆ ನೋಡಿದರು. ಹೊರಗೆ ವರಾಂಡದಲ್ಲಿ ಅಕ್ಕ ಬಕೆಟ್ ಎಳೆಯುವ ಸದ್ದು ಕೇಳುತ್ತಿತ್ತು. ಮೂರು ವಾರ ಆ ಸದ್ದು ಕೇಳಿದವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸಿ ಆ ಕಡೆ ನೋಡುತ್ತಿದ್ದರು. ಧೂಳಿನಿಂದ ಎಂದು ಬರೆದರೆ, ಗುಡಿಸುವವಳು ಯಾರು ಎಂದು ಮೇಲಿನವರು ಕೇಳುವುದಿಲ್ಲವೇ?

ಸಾಹೇಬರು ಆಗಲೇ ಡ್ರಾಯರು ಎಳೆದು ಬಿಳಿ ವೈಟ್ನರ್ ಸೀಸೆ ತೆಗೆದು ಅಲ್ಲಾಡಿಸುತ್ತಿದ್ದರು. "ನೀವೇನೂ ಮಾಡಬೇಡಿ. ಎರಡೇ ಸಾಲು, ನಾನೇ ಹಚ್ಚಿಬಿಡ್ತೀನಿ. ನಿಮಗೋಸ್ಕರ ಅಷ್ಟೂ ಮಾಡದಿದ್ರೆ ಹೇಗೆ?"

"ಬೇಡ ಸಾರ್," ಎಂದರು ಗೀಟಣ್ಣ, ಕಾಗದದ ಮೇಲೆ ಅಂಗೈ ಅಡ್ಡ ಇಟ್ಟು. "ಶಾಯಿ ಒಣಗಿದೆ. ಹಾಗೇ ಕಳಿಸಿ."