ಉಣುಗಿನ ಪಾಠ ಹೇಳಲು ಮೂರು ಊರಿಗೆ

ಆಸ್ಟ್ರಿಯಾದಿಂದ ಬಂದು ಎರಡು ವಾರವಾಗಿತ್ತು. ಮೇ ತಿಂಗಳ ಒಂದು ಸೋಮವಾರ ಎರಡು ದಿನದ ಪ್ರವಾಸಕ್ಕೆ ಹೊರಟೆ. ನನ್ನ ಮನೆಯಿರುವ ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ಊರಿನಲ್ಲಿ ಮೂರು ಭಾಷಣ. ವಿಷಯ ಒಂದೇ: ನಾನು ವಿದೇಶದಲ್ಲಿ ಏನು ಕಲಿತು ಬಂದೆ. ನಮ್ಮ ಆರೋಗ್ಯ ಇಲಾಖೆಯ ಕಚೇರಿಯವರು ಜೀಪು ಕೊಡುತ್ತೇವೆ ಅಂದಿದ್ದರು. ಹಿಂದಿನ ಸಂಜೆ ಜೀಪಿಗೆ ಬೇರೆ ಕೆಲಸ ಬಂತು. ವಿಮಾನದಲ್ಲಿ ಹಾರಿ ಬಂದವಳಿಗೆ ಖಾಸಗಿ ಬಸ್ಸೇ ಗತಿಯಾಯಿತು.

ನನ್ನ ಉದ್ಯೋಗ ಉಣುಗು ಹಿಡಿಯುವುದು. ದನದ ಮೈಗೆ ಕಚ್ಚಿಕೊಂಡಿರುತ್ತದಲ್ಲ, ಅದೇ ಹುಳ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗು ಸುತ್ತಲ ತರಗೆಲೆಗೆ ಇಳಿಯುತ್ತದೆ. ಅಲ್ಲಿ ಓಡಾಡಿದವರಿಗೆ ಕಚ್ಚಿ ಮಂಗನ ಕಾಯಿಲೆ ತರುತ್ತದೆ. ಅದಕ್ಕೇ ನಾವು ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ಮೇಲೆ ಎಳೆದು, ಹತ್ತಿದ ಉಣುಗನ್ನು ಚಿಮಟದಲ್ಲಿ ಹೆಕ್ಕಿ, ಸೀಸೆಗೆ ಹಾಕಿ ಪರೀಕ್ಷೆಗೆ ಕಳಿಸುತ್ತೇವೆ. ಬಟ್ಟೆಯ ಒಂದು ತುದಿ ನಾನು ಹಿಡಿದರೆ ಇನ್ನೊಂದು ತುದಿ ದೇವಕ್ಕ ಹಿಡಿಯುತ್ತಿದ್ದಳು. ಆರು ವರ್ಷ ಹಾಗೇ ನಡೆದೆವು. ನಾನು ಕಾಯಂ ನೌಕರಿಯವಳು, ಅವಳು ದಿನಗೂಲಿ. ವಿದೇಶಕ್ಕೆ ಆಯ್ಕೆಯಾದದ್ದು ನಾನು. ಅವಳು ತೀರಿಹೋದದ್ದು ಮಾರ್ಚಿನಲ್ಲಿ, ಮಂಗನ ಕಾಯಿಲೆಯಲ್ಲೇ. ನಾನಾಗ ಅಲ್ಲಿದ್ದೆ.

ಸಾಗರದ ಸಭೆ ಹತ್ತಕ್ಕೆ ಎಂದದ್ದು ಹನ್ನೊಂದಕ್ಕೆ ಶುರುವಾಯಿತು. ಅವಲಕ್ಕಿ, ಚಹಾ ಚೆನ್ನಾಗಿತ್ತು. ನಮಸ್ಕಾರ ಅಂದು ಕೈ ಮುಗಿದು ಹೇಳಲು ಶುರುಮಾಡಿದೆ: ಅಲ್ಲಿ ಬಟ್ಟೆಯನ್ನು ಒಬ್ಬರೇ ಎಳೆಯುತ್ತಾರೆ, ಕೋಲಿಗೆ ಹಗ್ಗ ಕಟ್ಟಿ. ಸೂಕ್ಷ್ಮದರ್ಶಕದಲ್ಲಿ ಬಾಯಿಯ ಆಕಾರ ನೋಡಿ ಉಣುಗಿನ ಜಾತಿ ಹೇಳಲು ಕಲಿಸಿದರು. ಏಪ್ರಿಲ್ ಹೊತ್ತಿಗೆ ಪೆಟ್ಟಿಗೆಯಲ್ಲಿಟ್ಟ ಮರಿ ಉಣುಗಿನ ಜಾತಿ ಗುರುತಿಸುವುದನ್ನು ಹೊಸಬರಿಗೆ ಕಲಿಸುವ ಕೆಲಸವನ್ನೂ ನನಗೇ ಕೊಟ್ಟಿದ್ದರು. ಇಷ್ಟು ಹೇಳಿ ಪ್ರಶ್ನೆ ಇದ್ದರೆ ಕೇಳಿ ಅಂದೆ. ಮುಂದಿನ ಸಾಲಿನ ಹೆಂಗಸೊಬ್ಬಳು ಎದ್ದು, "ಅಲ್ಲಿ ಚಳಿ ರಾಶಿ ಇದ್ದಡ, ಹೌದನೇ? ಊಟಕ್ಕೆಂತ ಮಾಡ್ತಿದ್ದೆ?" ಅಂದಳು. ಆಮೇಲೆ ಎಲ್ಲ ಪ್ರಶ್ನೆಯೂ ಊಟದ್ದೇ. ಕಲಿತದ್ದನ್ನು ಇಲ್ಲಿ ಮಾಡಲು ಸೂಕ್ಷ್ಮದರ್ಶಕ ಬೇಕು ಎಂದು ಅಧಿಕಾರಿಗೆ ಹೇಳಿದೆ. ಇದೆಯಂತೆ. ಬೀರುವಿನ ಕೀಲಿ ಇಟ್ಟುಕೊಂಡವರು ರಜೆಯಲ್ಲಿದ್ದಾರಂತೆ.

ಹೊಸನಗರಕ್ಕೆ ಒಂದೂ ಕಾಲು ಗಂಟೆ, ಐವತ್ತೈದು ರೂಪಾಯಿ. ಹೆಂಗಸರಿಗೆ ಪುಕ್ಕಟೆಯಾದ ಸರ್ಕಾರಿ ಬಸ್ಸು ಈ ದಾರಿಯಲ್ಲಿ ಕಣ್ಣಿಗೆ ಬಿದ್ದರೆ ಪುಣ್ಯ. ಸೆಕೆಗೆ ಸೀಟಿನ ರೆಕ್ಸಿನ್ ಬೆನ್ನಿಗೆ ಅಂಟುತ್ತಿತ್ತು. ರಸ್ತೆಬದಿಯಲ್ಲಿ ಹೆಂಗಸರು ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ಕಲ್ಲಿ ಎಂಬ ಹಗ್ಗದ ಬಲೆಚೀಲಕ್ಕೆ ತುಂಬುತ್ತಿದ್ದರು, ಬರಿಗೈಯಲ್ಲಿ, ಬರಿಗಾಲಲ್ಲಿ. ಬಸ್ಸು ನಿಲ್ಲಿಸಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಹೊಸನಗರದಲ್ಲಿ ಸಾಗರದ್ದೇ ಭಾಷಣ, ಅದೇ ಚಪ್ಪಾಳೆ. ಫೋಟೋಗೆಂದು ಶಾಲು ಹೊದೆಸಿದರು.

ಹೊಸನಗರದಲ್ಲಿ ಉಳಿಯಲು ಒಪ್ಪಿದ್ದೇ ದೇವಕ್ಕನ ಮನೆಗೆ ಹೋಗಬೇಕೆಂದು. ಸಾವಿಗೆ ಬರಲಾಗಲಿಲ್ಲ, ಮುಖ ತೋರಿಸಬೇಕು ಎಂಬುದು ಎಲ್ಲರಿಗೂ ಹೇಳಿದ ಕಾರಣ. ನಿಜವಾದ ಕಾರಣ ಯಾರಿಗೂ ಹೇಳಿರಲಿಲ್ಲ. ಫೆಬ್ರವರಿಯ ಕೊನೆಯಲ್ಲಿ ದೇವಕ್ಕ ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದ್ದಳು. ಹಲಸಿನ ಮರದ ಬುಡದಲ್ಲಿ ಸತ್ತ ಮಂಗ, ಹಣೆಗೆ ಕುಂಕುಮ, ಎದೆ ಮೇಲೆ ಹೂ. ಅಂದು ಪ್ರಯೋಗಾಲಯದಲ್ಲಿ ನಾನು ನಲವತ್ತು ಉಣುಗನ್ನೂ ತಪ್ಪಿಲ್ಲದೆ ಗುರುತಿಸಿದ್ದೆ. ನನಗೆ ಕಲಿಸುತ್ತಿದ್ದ ಹಾನಾ ಎಂಬಾಕೆ ಕೇಕ್ ತಂದಿದ್ದಳು. ಸತ್ತ ಮಂಗನನ್ನು ಕಂಡರೆ ಹನುಮಂತ ಎಂದು ಕೈ ಮುಗಿಯುವುದು ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಒಂದು ಕೈಯಲ್ಲಿ ಕೇಕಿನ ತಟ್ಟೆ ಹಿಡಿದೇ ಇನ್ನೊಂದು ಕೈಯಲ್ಲಿ ಕೈಮುಗಿದ ಚಿತ್ರ ಒತ್ತಿ ಕಳಿಸಿಬಿಟ್ಟೆ. ಆ ಫೋಟೋ ಯಾಕೆ ಬಂದಿದೆ ಎಂದು ಯೋಚಿಸಲಿಲ್ಲ. ಎರಡು ವಾರದ ಮೇಲೆ ಸುದ್ದಿ ಬಂತು. ನನ್ನ ಆ ಉತ್ತರವನ್ನು ಅವಳ ಮನೆಯವರು ನೋಡಿದ್ದಾರೋ ಇಲ್ಲವೋ, ಅದನ್ನು ತಿಳಿಯಬೇಕಿತ್ತು. ನೋಡದೇ ಇರಲಿ ಎಂದು ಹರಕೆ ಹೊತ್ತವಳಂತೆ ಬೇಡಿಕೊಳ್ಳುತ್ತಿದ್ದೆ. ಎಂಥ ಹೇಡಿ ನಾನು.

ಮಂಗಳವಾರ ಬೆಳಿಗ್ಗೆ ನಗರ ಎಂಬ ಊರಿನ ಕಡೆ ಹೋಗುವ ಬಸ್ಸು ಹತ್ತಿ, ಅಲ್ಲಿನ ಹಳೇ ಕೋಟೆಗೆ ಮೊದಲೇ ಒಂದು ತಿರುವಿನಲ್ಲಿ ಇಳಿದು ಎರಡು ಕಿಲೋಮೀಟರ್ ನಡೆದೆ. ದೇವಕ್ಕನ ಗಂಡ ತಿಮ್ಮಪ್ಪ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದ. "ಬಂದ್ರಾ? ಕೂತ್ಕಳಿ," ಅಂದ. ಬೆಲ್ಲ, ನೀರು ತಂದಿಟ್ಟ. ನಾನು ಏನೂ ಕೇಳುವ ಮೊದಲೇ ಅವನೇ ಹೇಳಿದ.

"ಅವ್ಳಿಗೆ ಅನುಮಾನ ಇತ್ತು. ಮುಟ್ಬಾರ್ದು, ಆಫೀಸಿಗೆ ಹೇಳ್ಬೇಕು ಅಂತ್ಲೇ ಅಂದ್ಲು. ಊರೋರು ಕೇಳ್ಬೇಕಲ್ಲ, ಆಗ್ಲೇ ಕುಂಕುಮ, ಹೂ ಹಾಕಿ ಆಗಿತ್ತು. ಆಫೀಸಿನೋರು ಬಂದು ಸುಟ್ ಹಾಕ್ತಾರೆ, ಹನುಮಂತನ್ನ ಮಣ್ ಮಾಡ್ದೆ ಸುಡದಾ ಅಂದ್ರು. ಆಗ ನಿಮ್ಗೆ ಫೋಟೋ ಹಾಕಿದ್ಲು."

ನಾನು ಲೋಟ ಕೆಳಗಿಟ್ಟೆ.

"ನಿಮ್ದು ಕೈ ಮುಗ್ದಿದ್ದು ಬಂತು. ಅದ್ನ ಎಲ್ರಿಗೂ ತೋರ್ಸಿದ್ಲು. ಇದ್ನೇ ಓದಕ್ಕೆ ಫಾರಿನ್ನಿಗೆ ಹೋದೋಳು ಕೈ ಮುಗ್ದಾಳೆ, ಹಂಗಾರೆ ಏನಾಗಲ್ಲ ಅಂದ್ಲು. ಬೆಳಿಗ್ಗೆನೇ ಉಣುಗು ಕಚ್ದಿರ್ಲಿ ಅಂತ ಆಫೀಸಿನೋರು ಕೊಡೋ ಎಣ್ಣೆ ಹಚ್ಕಂಡಿದ್ಲು. ಆ ವಾಸ್ನೆ ಇಟ್ಕಂಡು ಪೂಜೆ ಮಾಡದು ಹೆಂಗೆ ಅಂತ ತಲೆ ಮೇಲೆ ನೀರು ಹಾಕ್ಕಂಡು, ಮಡೀಲಿ ಹೋದ್ಲು. ಮರದ ಬುಡದ ತರಗೆಲ್ಲ ಅವ್ಳೇ ಗುಡ್ಸಿದ್ದು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ತಿಮ್ಮಣ್ಣ, ನಾನು ಯೋಚನೆ ಮಾಡ್ದೇ ಒತ್ತಿದ್ದು ಅದು. ಬೇಡ ಅಂತ ಹೇಳ್ಬೇಕಿತ್ತು. ತಪ್ಪು ನಂದು," ಅಂದೆ.

ಅವನು ಕತ್ತಿಯನ್ನು ಪಕ್ಕಕ್ಕಿಟ್ಟ. "ನೀವು ಬೇಡ ಅಂದಿದ್ರೆ ಅವ್ಳು ಹೋಗ್ತಿರ್ಲಿಲ್ಲ," ಅಂದ. ಒಳಗೆ ಹೋಗಿ ಒಗೆದು ಮಡಚಿದ ಬಿಳಿ ಫ್ಲಾನೆಲ್ ಬಟ್ಟೆ ತಂದ. "ಇದು ಆಫೀಸಿಂದು. ಒಗೆಯಕ್ಕೆ ಅಂತ ತಂದಿಟ್ಟಿದ್ಲು." ಅದನ್ನು ಶಾಲಿನ ಜೊತೆ ಚೀಲಕ್ಕೆ ತುರುಕಿದೆ. ಹೊರಡುವಾಗ ಅವನು ಬಾಗಿಲ ತನಕ ಬರಲಿಲ್ಲ.

ತೀರ್ಥಹಳ್ಳಿಯ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ನಿಂತೇ ಹೋದೆ. ಪಕ್ಕದವರು ಮಳೆ ಈ ಸಲ ಬೇಗ ಬರುತ್ತದೆ, ಮಳೆ ಬಿದ್ದರೆ ಮಂಗನ ಕಾಯಿಲೆ ನಿಲ್ಲುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಕಾಯಿಲೆಯ ಕಾಲವೆಲ್ಲ ಮುಗಿಯುವಾಗ ಪಾಠ ಹೇಳಲು ಹೊರಟಿದ್ದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ತೀರ್ಥಹಳ್ಳಿಯ ಸಭೆಯಲ್ಲಿ ಮೂವತ್ತು ಮಂದಿ ಇದ್ದರು, ಹೆಚ್ಚಿನವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರು. ನಮಸ್ಕಾರ ಅಂದೆ, ಕೈ ಮುಗಿಯಲಾಗಲಿಲ್ಲ. ಆಸ್ಟ್ರಿಯಾ ಬಿಟ್ಟು ಹಲಸಿನ ಮರದಿಂದ ಶುರುಮಾಡಿದೆ. ದೇವಕ್ಕನ ಹೆಸರು ಹೇಳಿದೆ. ನಾನು ಕಳಿಸಿದ ಉತ್ತರವನ್ನೂ, ತಿಮ್ಮಪ್ಪ ಅಂದದ್ದನ್ನೂ ಹೇಳಿದೆ. ವೇದಿಕೆಯಲ್ಲಿದ್ದ ಅಧಿಕಾರಿ ಗಡಿಯಾರ ನೋಡಿಕೊಂಡರು. ನಡುವೆ ಒಮ್ಮೆ, "ಮೇಡಂ, ವಿದೇಶದ ಅನುಭವ," ಎಂದು ನೆನಪಿಸಿದರು. "ಇದೇ ಸರ್, ಅಲ್ಲಿದ್ದಾಗಿನದು," ಅಂದೆ.

ಮುಗಿದ ಮೇಲೆ ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಲ್ಲಿ ನನಗಿಂತ ಹಿರಿಯಳಾದ ಕಾರ್ಯಕರ್ತೆಯೊಬ್ಬಳು ಎದ್ದು ನಿಂತು, "ನಮ್ಗೂ ಇಂಥ ಫೋಟೋ ಬರ್ತಾವೆ ಅಕ್ಕ. ನಾವೂ ಕೈ ಮುಗಿಯದೇ. ಅವತ್ತು ನೀವು ಏನ್ ಬರೀಬೇಕಿತ್ತು?" ಎಂದು ಕೇಳಿದಳು. ಚಳಿಯದೂ ಊಟದ್ದೂ ಅಲ್ಲದ ಪ್ರಶ್ನೆ ಆ ಎರಡು ದಿನದಲ್ಲಿ ಅದೊಂದೇ.

"ಮುಟ್ಬೇಡ, ಹತ್ರ ಹೋಗ್ಬೇಡ, ನಾನೇ ಆಫೀಸಿಗೆ ಫೋನ್ ಮಾಡ್ತೀನಿ, ಅಂತ," ಅಂದೆ.

ಅವಳು ಪೆನ್ನಿನ ಮುಚ್ಚಳ ತೆಗೆದು, "ನಿಧಾನಕ್ಕೆ ಹೇಳಿ," ಅಂದಳು. ಮೂವತ್ತು ಮಂದಿಯೂ ಪುಸ್ತಕ ಬಿಚ್ಚಿದರು. ದೇವಕ್ಕನಿಗೆ ಬರೆಯದೇ ಹೋದ ಉತ್ತರವನ್ನು ಅವರಿಗೆ ಒಂದೊಂದೇ ಪದವಾಗಿ ಹೇಳಿ ಬರೆಸಿ, ಐದೂವರೆಯ ಬಸ್ಸಿಗೆ ಸಾಗರಕ್ಕೆ ಹೊರಟೆ.