ಬೀಗ ಹಾಕಿದ ಮನೆಯ ಒಗ್ಗರಣೆ

ದೆವ್ವ, ಶಕುನ, ದೃಷ್ಟಿ ಇವನ್ನೆಲ್ಲ ನಾನು ನಂಬಿದವಳಲ್ಲ. ಬೆಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಮದರ್, ಇಂಥ ಮಾತು ಕಿವಿಗೆ ಬಿದ್ದರೆ "ನಾನ್‌ಸೆನ್ಸ್!" ಎಂದು ಸೀಮೆಸುಣ್ಣ ಕೆಳಗಿಟ್ಟುಬಿಡುತ್ತಿದ್ದರು. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಅದೇ ಮಾತನ್ನು ನಾನೂ ಎಷ್ಟು ಜನಕ್ಕೆ ಅಂದಿದ್ದೇನೋ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಆದರೆ ಅರಸೀಕೆರೆಯ ಆ ಒಂದು ಮಧ್ಯಾಹ್ನವನ್ನು ಎಲ್ಲಿಡಬೇಕೆಂದು ತಿಳಿಯದೆ ಇಷ್ಟು ವರ್ಷ ಹೊತ್ತುಕೊಂಡೇ ಬಂದಿದ್ದೇನೆ.

ಆಗ ಯುದ್ಧದ ಕಾಲ. ಪೆನಿಸಿಲಿನ್ ಎಂಬ ಹೆಸರನ್ನು ಪೇಪರಿನಲ್ಲಿ ಓದಿದ್ದೆವೇ ಹೊರತು ಕಣ್ಣಲ್ಲಿ ಕಂಡಿರಲಿಲ್ಲ. ನಮ್ಮ ಚಿಕ್ಕ ಆಸ್ಪತ್ರೆ ಊರಾಚೆ ಇತ್ತು. ಸುತ್ತ ತೆಂಗಿನ ತೋಟ, ಹಿಂದುಗಡೆ ಕಾಂಪೌಂಡರ್ ಮನೆಯೊಂದು, ಅಷ್ಟೇ. ಅಲ್ಲಿಗೆ ಮಾದಿಹಳ್ಳಿ ಕಡೆಯಿಂದ ಲಕ್ಕಮ್ಮ ಎಂಬ ಹುಡುಗಿಯನ್ನು ತಂದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕರುಳು ತಿರುಚಿಕೊಂಡು ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಮನೆಯಲ್ಲಿ ಹರಳೆಣ್ಣೆ ಕುಡಿಸಿ, ಹೊಟ್ಟೆ ನೀವಿ ನೋಡಿ, ಆಮೇಲೆ ಹಳೇಬೀಡಿನವರೆಗೆ ಗಾಡಿಯಲ್ಲಿ, ಅಲ್ಲಿಂದ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಕರೆತರುವ ಹೊತ್ತಿಗೆ ಕರುಳಿನ ಒಂದು ತುಂಡು ಕಪ್ಪಿಟ್ಟುಹೋಗಿತ್ತು. ಡಾಕ್ಟರು ಕೂಡಲೇ ಆಪರೇಷನ್ ಮಾಡಿ ಆ ತುಂಡನ್ನು ತೆಗೆದರು. ಕೈ ತೊಳೆಯುತ್ತಾ ನನಗೆ ಹೇಳಿದರು: "ಒಳಗಿನ ಕೆಲಸ ನಾನು ಮಾಡಿದ್ದೀನಿ ಸಿಸ್ಟರ್. ಹೊರಗಿನ ಗಾಯ ನಿಮ್ಮ ಜವಾಬ್ದಾರಿ. ಅದು ಕೆಟ್ಟರೆ ಎಲ್ಲಾ ಹೋಯ್ತು."

ಗಾಯ ಕೆಡದ ಹಾಗೆ ಏನೇನು ಕಲಿತಿದ್ದೆನೋ ಅಷ್ಟನ್ನೂ ಮಾಡಿದೆ. ಕುದಿಸದ ಬಟ್ಟೆಯನ್ನು ಅವಳ ಹತ್ತಿರ ತರಲಿಲ್ಲ. ಸಲ್ಫಾ ಪುಡಿ ಉದುರಿಸಿ, ಹೊಲಿಗೆಗೆ ಎಳೆತ ಬೀಳದಿರಲೆಂದು ಅಗಲವಾದ ಪಟ್ಟಿ ಸುತ್ತಿದೆ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯುವುದನ್ನು ಅವಳಿಗೆ ಮಗುವಿಗೆ ಕಲಿಸುವ ಹಾಗೆ ಕಲಿಸಿದೆ. ಡ್ರೆಸ್ಸಿಂಗ್ ಮಾಡುವಾಗ ಉಸಿರು ತಾಗಬಾರದೆಂದು ಮೂಗು ಬಾಯಿ ಕಟ್ಟಿಕೊಳ್ಳುತ್ತಿದ್ದೆ.

ಜೊತೆಗೆ ಬಂದಿದ್ದ ಅವಳ ಅತ್ತೆ ದೇವೀರಮ್ಮನ ಚಿಂತೆಯೇ ಬೇರೆ. ಆಕೆ ಬಂದವಳೇ ಕೇಳಿದ್ದು, ಇಲ್ಲಿ ಅಡುಗೆಮನೆ ಎಲ್ಲಿ ಎಂದು. "ಗಾಯ ಆದೋರ ಮೂಗಿಗೆ ಒಗ್ಗರಣೆ ವಾಸ್ನೆ ಬಿದ್ರೆ ನಂಜಾಯ್ತದೆ ಕಣವ್ವ." ಆ ಕಡೆಯ ಹಳ್ಳಿಗಳಲ್ಲಿ ಹಾಗೆ. ಹಸಿಗಾಯದವರಿರುವ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಗಾಯ ಕೀವಾಗುತ್ತದೆ ಎಂದು ಅಕ್ಕಪಕ್ಕದವರೂ ತಡೆದುಕೊಳ್ಳುತ್ತಾರೆ. ನಮ್ಮಲ್ಲಿ ಗಂಜಿ, ಹಾಲು ಬಿಟ್ಟರೆ ಏನೂ ಬೇಯುತ್ತಿರಲಿಲ್ಲ. ಆದರೂ ಆಕೆಗೆ ಸಮಾಧಾನವಿಲ್ಲ. ಕಾಂಪೌಂಡರ್ ಮನೆಗೆ ಹೋಗಿ, ಸೊಸೆ ಏಳುವವರೆಗೆ ಒಗ್ಗರಣೆ ಹಾಕಬೇಡಿ ಎಂದು ಕೈಮುಗಿದು ಬಂದಳು. ಕಾಂಪೌಂಡರ್ ಹೆಂಡತಿ ಒಳ್ಳೆಯ ಜೀವ, ಒಪ್ಪಿಕೊಂಡರು. "ನಮ್ಮನೆಯವ್ರು ಸಪ್ಪೆ ಸಾರು ಉಂಡು ಉಂಡು ನಂಗೇ ಬೈತಾರೆ ಕಣ್ರೀ" ಎಂದು ನನ್ನೆದುರು ನಕ್ಕರು.

ನಾನೂ ದೇವೀರಮ್ಮನನ್ನು ಛೇಡಿಸಿದೆ. ಆಕೆ ಬಿಡುವವಳೇ? "ಸೀರೆ ಬೆಳ್ಳಗಿಟ್ಕಂಡ್ರೆ ನಂಜು ಹೆದ್ರಿ ಓಡೋಯ್ತದಾ, ಸಿಸ್ಟ್ರಮ್ಮ?" ಅಂದಳು.

ಗಾಯ ಒಣಗುತ್ತಾ ಬಂತು. ಡಾಕ್ಟರು ಕೂಡ "ಗುಡ್, ವೆರಿ ಗುಡ್" ಅಂದರು. ಇನ್ನೇನು ಹೊಲಿಗೆ ಬಿಚ್ಚಬೇಕು ಎನ್ನುವಾಗ ಒಂದು ಮಧ್ಯಾಹ್ನ, ಊಟದ ಹೊತ್ತು ದಾಟಿತ್ತು, ನಾನು ಲಕ್ಕಮ್ಮನ ಜ್ವರ ನೋಡುತ್ತಿದ್ದೆ. ಅವಳು ಕಣ್ಣು ಬಿಟ್ಟು ಮೂಗರಳಿಸಿದಳು. "ಯಾರೋ ಬೆಳ್ಳುಳ್ಳಿ ಒಗ್ಗರಣೆ ಹಾಕ್ತಾವ್ರೆ ಕಣಕ್ಕ. ಬಾಯಲ್ಲಿ ನೀರು ಬತ್ತೈತೆ. ಒಂಚೂರು ಸಾರು ಕೊಡ್ತೀರಾ?"

ಆ ವಾಸನೆ ನನಗೂ ಬಂತು. ತುಪ್ಪದಲ್ಲಿ ಕೆಂಪಾದ ಬೆಳ್ಳುಳ್ಳಿ, ಸಾಸಿವೆ, ಕರಿಬೇವು, ಒಣಮೆಣಸಿನಕಾಯಿಯ ಘಾಟು. ನನಗಾದ ಸಂತೋಷ ಹೇಳತೀರದು. ಕರುಳಿನ ಪೇಷೆಂಟಿಗೆ ತಾನಾಗಿ ಹಸಿವಾಯಿತೆಂದರೆ ಅರ್ಧ ಗೆದ್ದಂತೆಯೇ. "ನಾಳೆ ಕೊಡ್ತೀನಮ್ಮ" ಅಂದೆ. ತಿರುಗಿ ನೋಡಿದರೆ ದೇವೀರಮ್ಮನ ಮುಖ ಬಿಳಿಚಿಕೊಂಡಿತ್ತು.

"ಮಾತು ಕೊಟ್ಟು ತಪ್ಪುದ್ಲಲ್ಲ!" ಎಂದು ಆಕೆ ಹಿಂದುಗಡೆಗೆ ಓಡಿದಳು. ಜಗಳವಾದೀತೆಂದು ನಾನೂ ಹಿಂದೆಯೇ ಹೋದೆ. ಕಾಂಪೌಂಡರ್ ಮನೆಗೆ ಬೀಗ ಹಾಕಿತ್ತು. ಬೆಳಗಿನ ರೈಲಿಗೆ ಮನೆಮಂದಿಯೆಲ್ಲ ಮದುವೆಗೆಂದು ತಿಪಟೂರಿಗೆ ಹೋದದ್ದು ನನಗೆ ಆಗ ನೆನಪಾಯಿತು. ಕಿಟಕಿಯಿಂದ ಒಳಗೆ ನೋಡಿದೆ. ಒಲೆಯ ಮೇಲೆ ಪಾತ್ರೆಯಿರಲಿಲ್ಲ, ಒಲೆಯಲ್ಲಿ ತಣ್ಣನೆಯ ಬೂದಿ. ತೆಂಗಿನ ಗರಿಯೊಂದೂ ಅಲುಗುತ್ತಿರಲಿಲ್ಲ. ಆದರೆ ಬೀಗದ ಮುಂದೆ ನಿಂತ ನಮ್ಮಿಬ್ಬರಿಗೂ ಆ ವಾಸನೆ ಇನ್ನಷ್ಟು ದಟ್ಟವಾಗಿ ಬಡಿಯುತ್ತಿತ್ತು. ನನಗೆ ಕೆಮ್ಮು ಬಂತು.

ವಾರ್ಡಿಗೆ ಬಂದು, ಹೊತ್ತಲ್ಲದ ಹೊತ್ತಿನಲ್ಲಿ ಕೈ ತಿಕ್ಕಿ ತೊಳೆದು ಡ್ರೆಸ್ಸಿಂಗ್ ಬಿಚ್ಚಿದೆ. ಗಾಯ ಚೆನ್ನಾಗಿ ಒಣಗಿತ್ತು. ಕೆಂಪಿಲ್ಲ, ಬಾವಿಲ್ಲ. "ನೀವೇ ನೋಡಿ, ದೇವೀರಮ್ಮ" ಅಂದೆ. ಆಕೆ ನೋಡಲಿಲ್ಲ. "ಮುಚ್ಚವ್ವ" ಅಂದಳು, ಅಷ್ಟೇ. ಪಕ್ಕದ ಮಂಚದ ಹೆಂಗಸನ್ನು ವಾಸನೆ ಬಂತೇ ಎಂದು ಕೇಳಿದೆ. "ಯಾವ್ ವಾಸ್ನೆ? ಇಲ್ಲಿ ನೆಲ ಒರ್ಸೋ ನಿಮ್ ಕಾರ್ಬಾಲಿಕ್ ವಾಸ್ನೆ ಒಂದೇಯ" ಅಂದಳು.

ಸಂಜೆ ಲಕ್ಕಮ್ಮನಿಗೆ ಸಣ್ಣಗೆ ಕೆಮ್ಮು ಬಂತು. ಪಾಪ, ಹೇಳಿಕೊಟ್ಟ ಹಾಗೇ ದಿಂಬನ್ನು ಒತ್ತಿ ಹಿಡಿದೇ ಕೆಮ್ಮಿದಳು. ಪಟ್ಟಿಯ ಮೇಲೆ ನಸುಗೆಂಪು ನೀರು ಹರಡಿತು. ಅದನ್ನು ಕಂಡ ನರ್ಸಿಗೆ ಮುಂದಿನದು ಗೊತ್ತಿರುತ್ತದೆ. ಹೊಲಿಗೆ ಒಳಗಿನಿಂದ ಬಿಟ್ಟುಕೊಂಡಿತ್ತು. ಡಾಕ್ಟರು ಮತ್ತೆ ಹೊಲಿದರು. ಆದರೆ ಬೆಳಗಾಗುವ ಮೊದಲೇ ಹುಡುಗಿ ಹೋಗಿಬಿಟ್ಟಳು.

ಕೀವು ಆಳದಲ್ಲಿ ಕಟ್ಟಿಕೊಂಡಿದ್ದರೆ ಮೇಲೆ ಕಾಣುವುದಿಲ್ಲ, ಸೊರಗಿದ ಮೈಯಲ್ಲಿ ಹೊಲಿಗೆ ನಿಲ್ಲುವುದಿಲ್ಲ ಎಂದರು ಡಾಕ್ಟರು. ಅದು ನಿಜ, ನಾನೂ ಒಪ್ಪುತ್ತೇನೆ. ವಾಸನೆಯ ವಿಷಯ ಹೇಳಿದ್ದಕ್ಕೆ, ಸ್ಟೇಷನ್ ಹೋಟೆಲಿನಿಂದ ಗಾಳಿಯಲ್ಲಿ ಬಂದಿರಬೇಕು ಅಂದರು. ಆ ಮಧ್ಯಾಹ್ನ ಗಾಳಿಯೇ ಇರಲಿಲ್ಲ.

ಹೊರಡುವ ಮುಂಚೆ ದೇವೀರಮ್ಮ ನನ್ನ ಕೈ ಹಿಡಿದು ಕೇಳಿದಳು. "ನಿಮ್ಗೂ ಬಂತಲ್ವಾ?"

"ಬಂತು" ಅಂದೆ.

"ಸದ್ಯ. ನಂಗೊಬ್ಳಿಗೇ ಬಂದಿದ್ರೆ, ಸೊಸೆ ಸಾಯ್ಲಿ ಅಂತ್ಲೇ ಅತ್ತೆ ವಾಸ್ನೆ ಬಂತು ಅಂದ್ಲು ಅಂತಿತ್ತು ಊರು." ಆಮೇಲೆ ಹುಡುಗಿಯನ್ನು ಮಲಗಿಸಿದ್ದ ಗಾಡಿಯ ಹಿಂದೆ ನಡೆದುಹೋದಳು.

ಆಮೇಲೆ ಪೆನಿಸಿಲಿನ್ ಬಂತು, ಇನ್ನೂ ಏನೇನೋ ಬಂದವು. ಅಂಥ ಗಾಯಗಳು ನನ್ನ ಕೈಯಲ್ಲೇ ಎಷ್ಟೋ ಮಾಯ್ದವು. ಆ ವಾಸನೆ ಮತ್ತೆಂದೂ ಹಾಗೆ ಬರಲಿಲ್ಲ. ಆದರೆ ನಾಳೆ ಕೊಡ್ತೀನಿ ಎಂದು ಆ ಹುಡುಗಿಗೆ ಮಾತು ಕೊಟ್ಟೆನಲ್ಲ, ಅದು ಯಾರ ಒಲೆಯ ಮೇಲಿದ್ದ ಸಾರೋ, ನನಗೆ ಇವತ್ತಿಗೂ ಗೊತ್ತಿಲ್ಲ.