ಯಜಮಾನರು ಫೋನಿಗೆ ಬರಲಿಲ್ಲ

1982ರ ಜನವರಿ. ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿಗೆ ನಾನು ಆಪರೇಟರ್ ಆಗಿ ಸೇರಿ ಆರು ವರ್ಷವಾಗಿತ್ತು. ಆ ದಿನ ಬೆಳಿಗ್ಗೆ ಹತ್ತೂವರೆಗೆ ಬೋರ್ಡಿನ ಮುಂದೆ ನಾನೊಬ್ಬಳೇ ಇದ್ದೆ. ಕೌಂಟರಿನಾಚೆಯ ಬೆಂಚಿನ ಮೇಲೆ ಪೇಟೆಯ ಪಾತ್ರೆ ಅಂಗಡಿಯ ಇಬ್ರಾಹಿಂ ಸಾಹೇಬರು, ಅವರ ಪಕ್ಕದಲ್ಲಿ ಬಸರೀಕಟ್ಟೆಯಲ್ಲಿ ಜೀಪು ಓಡಿಸುವ ಲಿಂಗಪ್ಪ. ಬಾಗಿಲಿನಿಂದ ಜಗಲಿಯವರೆಗೆ ಜಯಪುರದವರು, ಕೊಪ್ಪದವರು ಸೇರಿ ಸುಮಾರು ಮೂವತ್ತು ಜನ. ಕೆಲವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು, ಕೆಲವರು ಸುಮ್ಮನೆ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟೂ ಜನರಿಗೆ ಬೇಕಾಗಿದ್ದದ್ದು ಒಂದೇ ಒಂದು ಟ್ರಂಕ್ ಕಾಲ್.

ಅದು ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಘಟ್ಟದ ಕೆಳಗಿನ ಒಂದು ಯಕ್ಷಗಾನ ಮೇಳ ಪ್ರತಿವರ್ಷ ನಮ್ಮ ಕಡೆ ಬರುತ್ತಿತ್ತು. ಹೆಸರು ಹೇಳುವುದಿಲ್ಲ, ಹೇಳದಿದ್ದರೂ ಹಳಬರಿಗೆ ಗೊತ್ತಾಗುತ್ತದೆ. ಟೆಂಟ್ ಮೇಳ ಅಂದರೆ ದೊಡ್ಡ ಕಂಪನಿಯೇ. ಡೇರೆ, ಕುರ್ಚಿ, ಜನರೇಟರ್, ಎರಡು ಲಾರಿ, ಒಂದು ವ್ಯಾನು, ಅಡುಗೆಯವರನ್ನೂ ಸೇರಿಸಿ ಅರವತ್ತು ಎಪ್ಪತ್ತು ಮಂದಿ. ಅಷ್ಟಕ್ಕೂ ಯಜಮಾನ ಒಬ್ಬ. ಯಾವ ಕಲಾವಿದ ಇರಬೇಕು, ಯಾವ ಪ್ರಸಂಗ ಆಡಬೇಕು, ಯಾವ ಊರಿನಲ್ಲಿ ಡೇರೆ ಏಳಬೇಕು ಎಲ್ಲವೂ ಅವನ ಮಾತು. ಈ ಮೇಳವನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಡೆಸಿದವರನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನವರೂ 'ದೊಡ್ಡ ಯಜಮಾನರು' ಎಂದೇ ಕರೆಯುತ್ತಿದ್ದರು.

ಕೊಪ್ಪದ ಕ್ಯಾಂಪು ಗೊತ್ತು ಮಾಡುವುದಕ್ಕೆ ಒಂದು ಪದ್ಧತಿ ಇತ್ತು. ಭತ್ತದ ಕೊಯ್ಲು ಮುಗಿದ ಮೇಲೆ ಪೇಟೆ ಅಂಚಿನ ಗದ್ದೆಯಲ್ಲಿ ಡೇರೆ ಹಾಕುತ್ತಿದ್ದರು. ಗದ್ದೆ ಹಸಿ ಇದ್ದರೆ ಗೂಟ ನಿಲ್ಲುವುದಿಲ್ಲ. ಅದಕ್ಕೆ ಜನವರಿಯ ಮೊದಲ ವಾರ ದೊಡ್ಡ ಯಜಮಾನರೇ, ಗದ್ದೆ ಗೊತ್ತು ಮಾಡಿಕೊಡುತ್ತಿದ್ದ ಇಬ್ರಾಹಿಂ ಸಾಹೇಬರ ಹೆಸರಿಗೆ ಪಿ.ಪಿ. ಕಾಲ್ ಮಾಡುತ್ತಿದ್ದರು. ಪಿ.ಪಿ. ಅಂದರೆ ಇಂಥ ವ್ಯಕ್ತಿಯೇ ಬೇಕು ಎಂದು ಬುಕ್ ಮಾಡುವ ಕಾಲ್. ಆ ವ್ಯಕ್ತಿ 'ನಾನೇ' ಎಂದರೆ ಮಾತ್ರ ಆಪರೇಟರ್ ಸಂಪರ್ಕ ಕೊಡಬೇಕು. ಇಲ್ಲವಾದರೆ 'ವ್ಯಕ್ತಿ ಸಿಗಲಿಲ್ಲ' ಎಂದು ತಿಳಿಸಿ ಕಾಲ್ ಮುಗಿಸಬೇಕು.

ಕಾಲ್ ಬಂತೆಂದರೆ ಸಾಹೇಬರು ಅಂಗಡಿಯಿಂದ ಎದ್ದು, ಟೋಪಿ ಸರಿ ಮಾಡಿಕೊಂಡು, ಮದುವೆಗೆ ಹೊರಟವರ ಹಾಗೆ ಎಕ್ಸ್‌ಚೇಂಜಿಗೆ ಬರುತ್ತಿದ್ದರು. ಆ ಕಡೆಯಿಂದ ಮೊದಲ ಮಾತು ಯಾವಾಗಲೂ ಒಂದೇ, "ಸಾಹೇಬ್ರೇ, ಗದ್ದೆ ಒಣಗಿತಾ?" ಈ ಕಡೆಯ ಉತ್ತರವೂ ಒಂದೇ, "ನೀವು ಬಂದು ಕಾಲಿಡಿ ಯಜಮಾನ್ರೇ, ತಾನೇ ಒಣಗ್ತದೆ." ಆಮೇಲೆ ಇಬ್ಬರೂ ನಗುತ್ತಿದ್ದರು. ಒಂದು ಕಾಲಿಗೆ ಸಿಗುವ ಮೂರು ನಿಮಿಷದಲ್ಲಿ ಅರ್ಧ ನಿಮಿಷ ಆ ನಗುವಿಗೇ ಹೋಗುತ್ತಿತ್ತು. ಆಪರೇಟರಾದವಳು ಲೈನು ಸರಿ ಇದೆಯೇ ಎಂದು ಆಗಾಗ ಕಿವಿಗೊಡಬೇಕು. ಹಾಗಾಗಿ ಆ ನಗು ನನಗೂ ಆರು ವರ್ಷದ ಪರಿಚಯ.

ಆ ವರ್ಷ ಫೋನಿಗೆ ಮುಂಚೆ ಕರಪತ್ರ ಬಂತು. ಅದರಲ್ಲಿ ಯಜಮಾನರ ಫೋಟೋ ಇರುವ ಜಾಗದಲ್ಲಿ ಬೇರೆ ಮುಖ. ದೊಡ್ಡ ಯಜಮಾನರ ಸೋದರಳಿಯ, ಬೊಂಬಾಯಿಯಲ್ಲಿ ಹೋಟೆಲು ನೋಡಿಕೊಂಡಿದ್ದವನು, ಮೇಳದ ಹೊಸ ಯಜಮಾನ. ಹಳಬರು ಯಾಕೆ ಬಿಟ್ಟರು, ಎಲ್ಲಿದ್ದಾರೆ ಎಂಬುದಕ್ಕೆ ಒಂದು ಸಾಲೂ ಇಲ್ಲ.

ಒಂದು ಸಾಲು ಇಲ್ಲದ ಕಡೆ ಊರು ನೂರು ಸಾಲು ಬರೆಯುತ್ತದೆ ಎಂದು ನಮ್ಮ ಸೋದರತ್ತೆ ಹೇಳುತ್ತಿದ್ದಳು. ಹಾಗೇ ಆಯಿತು. ಅಳಿಯ ಮಾವನ ಕೈಯಿಂದ ಸಹಿ ಹಾಕಿಸಿಕೊಂಡನಂತೆ. ಹಳೆಯ ಭಾಗವತರನ್ನು ಬಿಡುತ್ತಾನಂತೆ. ರಾಕ್ಷಸ ಬರುವಾಗ ಬಣ್ಣದ ಲೈಟು ಹಾಕಿ ಸಿನಿಮಾ ಮಾಡುತ್ತಾನಂತೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಕೆರೆಸಿಕೊಂಡವನೊಬ್ಬ ವಾದಕ್ಕೆ ಎದ್ದು ಹೋಗಿ, ಮಧ್ಯಾಹ್ನ ಬಂದು ಉಳಿದರ್ಧ ಕೆರೆಸಿಕೊಂಡನಂತೆ. ನರಸಿಂಹರಾಜಪುರದವರು ಮಾತ್ರ ಡೇರೆ ಬಂದರಾಯಿತು, ಯಜಮಾನ ಯಾರಾದರೇನು ಎಂದರು. ಅದಕ್ಕೆ ಲಿಂಗಪ್ಪ, "ಅವ್ರಿಗೆ ಅಡ್ಡಿ ಇಲ್ಲ ಮಾರಾಯ, ಆಟದಲ್ಲಿ ಅವ್ರು ಎದ್ದಿರೋದು ಚಾ ಬರೋ ಹೊತ್ತಿಗೆ ಮಾತ್ರ" ಎಂದು ಇಡೀ ತಾಲ್ಲೂಕನ್ನು ಮಲಗಿಸಿಬಿಟ್ಟ.

ಜನವರಿ ಮೊದಲ ವಾರ ಹೊಸ ಯಜಮಾನನ ಕಾಲ್ ಬಂತು. ಸಾಹೇಬರು ಟೋಪಿ ಸರಿ ಮಾಡಿಕೊಂಡೇ ಬಂದರು. ಆ ಕಡೆಯಿಂದ, "ನಮಸ್ಕಾರ, ಫೆಬ್ರವರಿಗೆ ಜಾಗ ಖಾಲಿ ಉಂಟಾ?" ಎಂಬ ಮಾತು ಬಂತು. ತಪ್ಪು ಮಾತಲ್ಲ. ಆದರೆ ಸಾಹೇಬರ ಮುಖ ಇಳಿಯಿತು. ದೊಡ್ಡ ಯಜಮಾನರಿಗೆ ಕೊಡಿ, ಅವರು ಕೇಳಲಿ, ನಾಳೆಯೇ ಗದ್ದೆ ಬಿಡಿಸಿಕೊಡುತ್ತೇನೆ ಎಂದರು. ಅವರಿಗೆ ಸ್ವಲ್ಪ ವಿಶ್ರಾಂತಿ ಎಂದ ಹೊಸ ಯಜಮಾನ. ಇಷ್ಟೇ ನಡೆದದ್ದು.

ಅಭಿಮಾನಿಗಳು ಆ ಸಂಜೆಯೇ ಪಾತ್ರೆ ಅಂಗಡಿಯಲ್ಲಿ ಕೂತು ತೀರ್ಮಾನಿಸಿದರು. ದೊಡ್ಡ ಯಜಮಾನರು ತಮ್ಮ ಬಾಯಲ್ಲೇ 'ಗದ್ದೆ ಒಣಗಿತಾ' ಎಂದು ಕೇಳಬೇಕು. ಕೇಳಿದರೆ ಕ್ಯಾಂಪು, ಇಲ್ಲದಿದ್ದರೆ ಕೊಪ್ಪದಲ್ಲಿ ಗೂಟ ಹೊಡೆಯಲು ಯಾರೂ ಗದ್ದೆ ಕೊಡಬಾರದು. ಮರುದಿನದಿಂದ ಸಾಹೇಬರು ದೊಡ್ಡ ಯಜಮಾನರ ಹೆಸರಿಗೆ ಅವರ ಮನೆಗೆ ದಿನಕ್ಕೊಂದು ಪಿ.ಪಿ. ಕಾಲ್ ಬುಕ್ ಮಾಡತೊಡಗಿದರು. ದಿನವೂ ನಾನು, "ಸಿಗಲಿಲ್ಲ ಸಾಹೇಬ್ರೇ" ಎನ್ನುವುದು. ದಿನವೂ ಜಗಲಿಯ ಮೇಲೆ ನಾಲ್ಕು ಜನ ಹೆಚ್ಚುವುದು. ಅಳಿಯ ಮಾವನನ್ನು ಕೋಣೆಯಲ್ಲಿ ಕೂಡಿಹಾಕಿದ್ದಾನೆ ಎನ್ನುವವರೆಗೂ ಬಂತು ಮಾತು.

ಐದನೆಯದೋ ಆರನೆಯದೋ ದಿನ ಮಧ್ಯಾಹ್ನ ಘಟ್ಟದ ಕೆಳಗಿನಿಂದ ಇನ್ನೊಂದು ಕಾಲ್ ಬಂತು. ಅದು ಕೊಪ್ಪಕ್ಕಲ್ಲ, ನೆಮ್ಮಾರಿನ ಒಂದು ಮನೆಗೆ. ಆ ಕಾಲದಲ್ಲಿ ಶೃಂಗೇರಿ ಕಡೆಯ ಆ ಲೈನು ನಮ್ಮ ಬೋರ್ಡಿನ ಮೂಲಕವೇ ಹೋಗುತ್ತಿತ್ತು. ಮಾತಾಡಿದವನು ಹೊಸ ಯಜಮಾನ. ಆ ಮನೆಯಲ್ಲಿದ್ದವಳು ದೊಡ್ಡ ಯಜಮಾನರ ಮಗಳು. ಲೈನಿನಲ್ಲಿ ಗಾಳಿಯ ಸದ್ದು ಜಾಸ್ತಿ ಇತ್ತು, ಎರಡು ಸಲ ಕಡಿಯಿತು. ಹಾಗಾಗಿ ನಾನು ಕಿವಿಯಿಂದ ಹೆಡ್‌ಫೋನ್ ತೆಗೆಯುವ ಹಾಗಿರಲಿಲ್ಲ.

ಮಾವನಿಗೆ ನೆನಪು ಹೋಗುತ್ತಿದೆ ಎಂದ ಅವನು. ಡಾಕ್ಟರು ವಾಸಿಯಾಗುವ ಕಾಯಿಲೆಯಲ್ಲ ಎಂದಿದ್ದಾರೆ. ತಿರುಗಾಟಕ್ಕೆ ಹೊರಡುವ ಮುಂಚೆ, ಒಂದು ಒಳ್ಳೆಯ ದಿನ ನೋಡಿ, ಮಾವನೇ ಕರೆದು ಮೇಳ ಒಪ್ಪಿಸಿದರು. ಈಗ ಮೇಳ ಯಾರದ್ದು ಎಂದು ಕೇಳುತ್ತಾರೆ. ಮನೆಯವರ ಹೆಸರೇ ಬರುವುದಿಲ್ಲ. ಕೊಪ್ಪದ ಸಾಹೇಬರ ಹೆಸರು ಮಾತ್ರ ದಿನಾ ಹೇಳುತ್ತಾರೆ. ಕೊಪ್ಪದ ಕ್ಯಾಂಪಿಗೆ ಕರೆದುಕೊಂಡು ಬರುತ್ತೇನೆ, ಗುರುತು ಇರುವಾಗಲೇ ಇಬ್ಬರೂ ಒಮ್ಮೆ ಕೂತು ಮಾತಾಡಲಿ, ಆದರೆ ಕೊಪ್ಪದವರು ಗದ್ದೆಯನ್ನೇ ಕೊಡುತ್ತಿಲ್ಲ ಎಂದ. ಸಾಹೇಬರಿಗೊಬ್ಬರಿಗೆ ಹೇಳಿಬಿಡಲೇ ಎಂದೂ ಕೇಳಿದ.

ಮಗಳು, "ಬೇಡ. ಒಬ್ರಿಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ. ಅಪ್ಪಯ್ಯನ್ನ ನೋಡಿ ಯಾರೂ ನಗೋದು ಬೇಡ" ಎಂದಳು.

ಮೂರು ನಿಮಿಷ ಮುಗಿಯಿತು. ನಾನು ಕಾರ್ಡ್ ಎಳೆದೆ. ಕಾರ್ಡ್ ಎಂದರೆ ಎರಡು ಲೈನುಗಳನ್ನು ಕೂಡಿಸುವ ತಂತಿ, ತುದಿಗೊಂದು ಹಿತ್ತಾಳೆಯ ಪ್ಲಗ್ಗು. ಎಳೆದ ಮೇಲೆ ಆ ಮಾತು ನನಗೂ ಗೊತ್ತಿರಬಾರದು. ಕೆಲಸಕ್ಕೆ ಸೇರುವಾಗ ಹಾಗೆಂದು ಸಹಿ ಮಾಡಿದ್ದೆ. ತರಬೇತಿಯಲ್ಲಿ ನಮ್ಮ ಸೂಪರ್‌ವೈಸರ್ ಹೇಳಿದ್ದರು: "ಬೋರ್ಡಿನ ಮುಂದೆ ಕೂತಾಗ ಕಿವಿ ಇಲಾಖೆಯದ್ದು. ಬಾಯಿ ಯಾರದ್ದೂ ಅಲ್ಲ."

ನನ್ನ ಮಿತಿಯಲ್ಲಿ ಒಂದು ಪ್ರಯತ್ನ ಮಾಡಿದೆ. ಮರುದಿನ ರಸೀದಿ ಕೊಡುವಾಗ, ಸಾಹೇಬ್ರೇ, ಫೋನಿನಲ್ಲಿ ಯಾಕೆ, ಒಮ್ಮೆ ನೀವೇ ಬಸ್ಸು ಹತ್ತಿ ಹೋಗಿಬರಬಾರದೇ ಎಂದೆ. ಅವರು, "ಫೋನಿಗೇ ಬಾರದವ್ರು ಬಾಗಿಲಿಗೆ ಬರ್ತಾರಾ ತಂಗಿ? ಅವ್ರೂ ಅವನ ಜೊತೆ ಸೇರಿದ್ದಾರೆ ಅಂತ ಗೊತ್ತಾದ್ರೆ ನಾನು ವಾಪಸ್ ಬರೋದು ಹೇಗೆ?" ಎಂದರು. ಅವರ ಸಿಟ್ಟಿನ ಅಡಿಯಲ್ಲಿದ್ದದ್ದು ಈ ಹೆದರಿಕೆ ಎಂದು ನನಗೆ ಆಗ ತಿಳಿಯಿತು. ತಿಳಿದು ಮಾಡುವುದೇನು?

ಈಗ ಮೊದಲು ಹೇಳಿದ ಆ ಬೆಳಿಗ್ಗೆಗೆ ಬರುತ್ತೇನೆ. ಅದು ಹನ್ನೊಂದನೆಯ ಕಾಲ್. ಇವತ್ತೂ ಬಾರದಿದ್ದರೆ ಮುಗಿಯಿತು ಎಂದು ಎಲ್ಲರೂ ಒಪ್ಪಿ ಬಂದಿದ್ದರು. ಕೆಳಗಿನ ಆಪರೇಟರ್ ನಂಬರು ಕೊಟ್ಟಳು. ಗಂಟೆ ಬಹಳ ಹೊತ್ತು ಬಡಿಯಿತು. ಆಮೇಲೆ ಯಾರೋ ರಿಸೀವರ್ ಎತ್ತಿದರು. ಆ 'ಹಲೋ' ಕೇಳಿದ ಕೂಡಲೇ ಸ್ವರ ಗುರುತಾಯಿತು. ದೊಡ್ಡ ಯಜಮಾನರೇ.

ನಿಯಮದ ಪ್ರಕಾರ ಕೇಳಿದೆ. ಕೊಪ್ಪದಿಂದ ಪಿ.ಪಿ. ಕಾಲ್, ಮೇಳದ ದೊಡ್ಡ ಯಜಮಾನರು ಇದ್ದಾರೆಯೇ?

"ಯಜಮಾನರಾ?" ಎಂದರು ಅವರು. "ಅವ್ರು ಇನ್ನೂ ಬರ್ಲಿಲ್ಲಮ್ಮ. ನಾನೂ ಅವ್ರನ್ನೇ ಕಾಯ್ತಾ ಇದ್ದೇನೆ."

ಸಾಹೇಬರು ನನ್ನಿಂದ ಎರಡು ಮಾರು ದೂರದಲ್ಲಿದ್ದರು. ಜಗಲಿಯವರು ಬಾಗಿಲಿಗೆ ಒತ್ತಿಕೊಂಡು ಬಂದಿದ್ದರು. ಪ್ಲಗ್ಗು ನನ್ನ ಬೆರಳಲ್ಲಿತ್ತು. ಒಂದಂಗುಲ ಮುಂದಕ್ಕೆ ತಳ್ಳಿದರೆ ಕೌಂಟರಿನ ಫೋನಿನಲ್ಲಿ ಸಾಹೇಬರಿಗೆ ಆ ಸ್ವರ ಕೇಳುತ್ತಿತ್ತು. ಆಮೇಲೆ? ಜಗಲಿಯ ತುಂಬ ಜನ. 'ಯಾವ ಸಾಹೇಬರು' ಎಂದು ಆ ಕಡೆಯಿಂದ ಬಂದಿದ್ದರೆ? ಸಂಜೆಯೊಳಗೆ ಬಸರೀಕಟ್ಟೆಯ ಜೀಪಿನಲ್ಲಿ ಆ ಮಾತು ಮೂರು ತಾಲ್ಲೂಕು ತಿರುಗುತ್ತಿತ್ತು. ಮಗಳು ಬೇಡವೆಂದದ್ದು ಅದೇ. ನಿಯಮವೂ ಸ್ಪಷ್ಟ: ವ್ಯಕ್ತಿ 'ನಾನೇ' ಎನ್ನಲಿಲ್ಲ.

"ಸಿಗಲಿಲ್ಲ ಸಾಹೇಬ್ರೇ" ಎಂದೆ.

ಅವರು ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು. ಲಿಂಗಪ್ಪ, "ಏಳಿ ಸಾಹೇಬ್ರೇ. ದೊಡ್ಡೋರು ನಮ್ಮನ್ನ ಬಿಟ್ಟಾಯ್ತು" ಎಂದು ಅವರ ತೋಳು ಹಿಡಿದು ಎಬ್ಬಿಸಿದ. ಆ ಹೊತ್ತಿನಲ್ಲಿ ಅವನ ಬಾಯಲ್ಲೂ ತಮಾಷೆ ಇರಲಿಲ್ಲ.

ಕೊಪ್ಪಕ್ಕೆ ಕ್ಯಾಂಪು ತಪ್ಪಿತು. ಫೆಬ್ರವರಿಯಲ್ಲಿ ಮೇಳ ಶೃಂಗೇರಿಯಲ್ಲಿ ಆಟ ಮುಗಿಸಿ ನರಸಿಂಹರಾಜಪುರಕ್ಕೆ ಹೊರಟಿತು. ದಾರಿ ನಮ್ಮ ಪೇಟೆಯ ನಡುವೆಯೇ. ಅಭಿಮಾನಿಗಳು ಕಲ್ಲೆಸೆಯಲಿಲ್ಲ, ಕೂಗಲೂ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಅಂಗಡಿಗಳ ಬಾಗಿಲು ಹಾಕಿ, ರಸ್ತೆಯ ಎರಡೂ ಬದಿ ಸಾಲಾಗಿ ನಿಂತು, ಲಾರಿಗಳು ಬಂದಾಗ ಬೆನ್ನು ತಿರುಗಿಸಿದರು. ಲಿಂಗಪ್ಪನೂ, ಅಷ್ಟು ವರ್ಷ ಮುಂದಿನ ಕುರ್ಚಿಗೆ ಟವೆಲು ಹಾಕಿ ಕಾದಿರಿಸುತ್ತಿದ್ದವರೂ, ಎಲ್ಲರೂ. ನಾನು ಊಟದ ವೇಳೆಯೆಂದು ಹೊರಗೆ, ಆ ಗದ್ದೆ ಎದುರಿಗೇ ಕಾಣುವ ಎಕ್ಸ್‌ಚೇಂಜಿನ ಮೆಟ್ಟಿಲ ಮೇಲೆ ನಿಂತಿದ್ದೆ.

ಎರಡು ಲಾರಿ ಹೋದವು. ಹಿಂದೆ ವ್ಯಾನು. ಡ್ರೈವರನ ಪಕ್ಕದಲ್ಲಿ ಶಾಲು ಹೊದ್ದು ದೊಡ್ಡ ಯಜಮಾನರು ಕೂತಿದ್ದರು. ಪೇಟೆ ದಾಟುವಲ್ಲಿ, ಪ್ರತಿವರ್ಷ ಡೇರೆ ಹಾಕುವ ಗದ್ದೆ ಕಂಡ ಕೂಡಲೇ ಅವರು ಮುಂದಕ್ಕೆ ಬಾಗಿ, ಕಿಟಕಿಯಿಂದ ಕೈ ಹೊರಗೆ ಹಾಕಿ ಅದನ್ನು ತೋರಿಸಿದರು. ಗದ್ದೆ ಚೆನ್ನಾಗಿ ಒಣಗಿತ್ತು. ಗದ್ದೆಯ ಬದಿಯಲ್ಲೇ, ವ್ಯಾನಿನಿಂದ ಹತ್ತು ಮಾರು ದೂರದಲ್ಲಿ ಸಾಹೇಬರು ನಿಂತಿದ್ದರು, ರಸ್ತೆಗೆ ಬೆನ್ನು ಹಾಕಿಕೊಂಡು. 'ತಿರುಗಿ ನೋಡಿ' ಎಂದು ನಾನು ಕೂಗಬಹುದಿತ್ತು. ಅದಕ್ಕೆ ಯಾವ ನಿಯಮವೂ ಅಡ್ಡ ಇರಲಿಲ್ಲ. ಕಣ್ಣಿನಿಂದ ಕಂಡದ್ದು ಇಲಾಖೆಯದ್ದಲ್ಲವಲ್ಲ. ಆದರೆ ಆರು ವರ್ಷ ಮುಚ್ಚಿ ಅಭ್ಯಾಸವಾದ ಬಾಯಿ, ತೆರೆಯುವ ಹೊತ್ತಿಗೆ ವ್ಯಾನು ತಿರುವು ದಾಟಿತ್ತು.

ಇದನ್ನು ಈಗ ಬರೆಯುತ್ತಿರುವುದು ನೆಮ್ಮಾರಿನ ಆ ಮಗಳ ಒಪ್ಪಿಗೆ ಪಡೆದೇ. ಮೂವತ್ತೆರಡು ವರ್ಷ ಇಲಾಖೆಯಲ್ಲಿ ದುಡಿದೆ. ಕಾಲ್ ಕೂಡಿಸುವುದನ್ನು ಯಾರಿಗಾದರೂ ಕಲಿಸಬಹುದು. ಗೊತ್ತಿದ್ದೂ ಸುಮ್ಮನಿರುವುದು ಒಂದು ಕೆಲಸ, ಅದಕ್ಕೂ ಕೂಲಿ ಉಂಟು, ಅದರ ಭಾರ ನಿವೃತ್ತಿಯಾದ ಮೇಲೂ ಇಳಿಯುವುದಿಲ್ಲ ಎಂಬುದನ್ನು ಮಾತ್ರ ಆ ಬೋರ್ಡೇ ಕಲಿಸಬೇಕು. ಅವತ್ತು ಮಾಡಿದ್ದು ಸರಿಯೇ ಎಂದು ಕೇಳಿದರೆ, ಸರಿ ಎನ್ನುತ್ತೇನೆ. ಇನ್ನೊಮ್ಮೆ ಕೇಳಬೇಡಿ.

ಆ ಮಳೆಗಾಲ ಶುರುವಾಗುವ ಮುಂಚೆ, ಪೇಟೆಯವರು ಬೆನ್ನು ಹಾಕಿದ ಸುದ್ದಿ ಕೇಳಿ, ಮಗಳೇ ಪಾತ್ರೆ ಅಂಗಡಿಗೆ ಬಂದು ಸಾಹೇಬರಿಗೆ ಎಲ್ಲವನ್ನೂ ಹೇಳಿದಳಂತೆ. ಮರುದಿನದ ಮೊದಲ ಬಸ್ಸಿಗೆ ಅವರು ಘಟ್ಟ ಇಳಿದು ಹೋದರು. ಮೂರನೆಯ ದಿನ ಹಿಂತಿರುಗಿದವರು ಮನೆಗೆ ಹೋಗದೆ ನಮ್ಮ ಬೆಂಚಿನ ಮೇಲೆ ಬಂದು ಕೂತರು. ಕಾಲ್ ಬೇಕೇ ಎಂದು ಕೇಳಿದೆ. ಬೇಡವೆಂದು ತಲೆ ಆಡಿಸಿದರು. ಆಮೇಲೆ ಅವರಾಗಿಯೇ ಹೇಳಿದರು. ಯಜಮಾನರಿಗೆ ಗುರುತು ಸಿಗಲಿಲ್ಲ. ಯಾವ ಊರು ಎಂದು ಕೇಳಿದರಂತೆ. ಕೊಪ್ಪ ಎಂದದ್ದಕ್ಕೆ ಮುಖ ಅರಳಿತಂತೆ.

"ಅಲ್ಲೊಬ್ರು ಸಾಹೇಬ್ರಿದ್ದಾರೆ. ನಾನು ಕಾಯ್ತಾ ಇದ್ದೇನೆ, ಫೋನು ಸಿಗ್ತಾ ಇಲ್ಲ ಅಂತ ಅವ್ರಿಗೆ ಹೇಳ್ಬೇಕು ನೀವು, ಅಂದ್ರು ತಂಗಿ."

ನೀವೇನು ಹೇಳಿದಿರಿ ಎಂದು ನಾನು ಕೇಳಿದೆ.

"ಹೇಳ್ತೇನೆ ಅಂದೆ" ಎಂದು ಸಾಹೇಬರು ಟೋಪಿ ಹಾಕಿಕೊಂಡು ಎದ್ದರು.